ಗುರುವಾರ ಸಾಲು ಕಡಿಮೆ

ಆಗಸ್ಟ್ ೫, ಮಂಗಳವಾರ

ಜೀರುಂಡೆಗೆ ಥೀಮ್ ಪಾರ್ಕ್ ನೋಡಬೇಕಂತೆ. ತರಗತಿಯಲ್ಲಿ ನೋಡದೆ ಉಳಿದವಳು ತಾನೊಬ್ಬಳೇ ಎನ್ನುತ್ತಾಳೆ. ಅದು ನಿಜವಿರಲಾರದು. ಆದರೆ ಹನ್ನೊಂದು ವರ್ಷದವಳ ಹತ್ತಿರ ವಾದಕ್ಕೆ ಕೂತು ಗೆದ್ದವರನ್ನು ನಾನು ಕಂಡಿಲ್ಲ. ಅಕ್ಕನ ಮಗಳಿಗೆ ಈ ಹೆಸರಿಟ್ಟವನು ನಾನೇ. ಅವಳ ಬಾಯಿ ಮುಚ್ಚಿರುವುದನ್ನು ನಿದ್ದೆಯಲ್ಲಿ ಮಾತ್ರ ನೋಡಿದ್ದೇನೆ.

ಅಕ್ಕ ಒಂದೇ ಮಾತಿಗೆ ಹೂಂ ಅಂದುಬಿಟ್ಟಳು. ತೊಡಕಿರುವುದು ಅಲ್ಲೇ. ಅಕ್ಕನ ಎರಡೂ ಕಿಡ್ನಿ ಕೈಕೊಟ್ಟು ಮೂರು ವರ್ಷವಾಗುತ್ತ ಬಂತು. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ಉಳಿದ ದಿನಗಳಲ್ಲಿ ತನ್ನ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕೂತು ಕಂಡವರಿಗೆಲ್ಲ ಕ್ಲಚ್ಚು, ಗೇರು ಕಲಿಸುತ್ತಾಳೆ. ಕೂತರೆ ಗಟ್ಟಿ, ನಿಂತರೆ ಕಷ್ಟ. ತುಸು ಹೊತ್ತು ನಿಂತರೂ ಬಿ.ಪಿ. ಇಳಿದು ಕಣ್ಣು ಕತ್ತಲೆ ಬರುತ್ತದೆ. ಆ ಪಾರ್ಕಿನಲ್ಲೋ ಒಂದೊಂದು ಆಟಕ್ಕೂ ಗಂಟೆಗಟ್ಟಲೆ ಸಾಲು ಎಂದು ಹೋಗಿಬಂದವರೆಲ್ಲ ಹೇಳುತ್ತಾರೆ.

ಸಾಲು ತಪ್ಪಿಸಲು ಪಾರ್ಕಿನವರೇ ಎರಡು ದಾರಿ ಇಟ್ಟಿದ್ದಾರೆ. ಒಂದು, ಟಿಕೆಟ್ಟಿನ ಮೇಲೆ ಮತ್ತೊಂದು ಟಿಕೆಟ್ಟಿನಷ್ಟು ಸುರಿದು ಬೇಗ ಬಿಡುವ ಪಾಸು ಕೊಳ್ಳುವುದು. ಮೂವರಿಗೆ ಅದು ನಮ್ಮ ಕೈಗೆಟುಕುವುದಲ್ಲ. ಇನ್ನೊಂದು, ಡಾಕ್ಟರ ಪತ್ರ ತೋರಿಸುವುದು. ತೋರಿಸಿದರೆ ರೋಗಿಯನ್ನೂ ಜೊತೆಯವರನ್ನೂ ಪಕ್ಕದ ಬಾಗಿಲಿನಿಂದ ಒಳಗೆ ಬಿಡುತ್ತಾರೆ, ಬಿಟ್ಟಿಯಾಗಿ. ನಾನು ಖುಷಿಯಿಂದ ಅದನ್ನು ಓದಿ ಹೇಳಿದೆ. ಅಕ್ಕ ತಲೆ ಕೂಡ ಎತ್ತಲಿಲ್ಲ.

“ಪತ್ರ ಗಿತ್ರ ಏನೂ ಬೇಡ. ಅವತ್ತೊಂದಿನ ನಾನು ಪೇಶೆಂಟ್ ಅಲ್ಲ.”

“ಮತ್ತೆ ಸಾಲಲ್ಲಿ ನಿಲ್ತೀಯಾ?”

“ನೀನಿದೀಯಲ್ಲ. ಏನಾದ್ರೂ ಉಪಾಯ ಹುಡುಕು.”

ಹೀಗೆ ಈ ಕೆಲಸ ನನ್ನ ಕೊರಳಿಗೆ ಬಿತ್ತು. ಮನಸ್ಸಿಟ್ಟು ಮಾಡಬೇಕು.

ಮಧ್ಯಾಹ್ನ ಆಸ್ಪತ್ರೆಯ ಮೇಡಂ ಫೋನ್ ಮಾಡಿದ್ದರು. ಅಂಗಡಿಯಲ್ಲಿ ಗಾಜು ಕತ್ತರಿಸುತ್ತಿದ್ದೆ, ಎತ್ತಲಿಲ್ಲ.

ಆಗಸ್ಟ್ ೭, ಗುರುವಾರ

ದಿನ ಗೊತ್ತಾಯಿತು. ಗುರುವಾರವೇ ಆಗಬೇಕು. ಡಯಾಲಿಸಿಸ್ ಆದ ಸಂಜೆ ಅಕ್ಕ ಹಿಂಡಿ ಹಾಕಿದ ಬಟ್ಟೆಯಂತಿರುತ್ತಾಳೆ, ಮರುದಿನ ಎದ್ದು ಕೂರುತ್ತಾಳೆ. ಶನಿವಾರ, ಭಾನುವಾರ ಪಾರ್ಕಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಂಗಳವಾರ ಅಲ್ಲಿ ಯಾವುದೋ ರಿಯಾಯಿತಿ ಇದೆ, ಎಲ್ಲರೂ ಅದಕ್ಕೇ ಮುಗಿಬೀಳುತ್ತಾರೆ. ಹಾಗಾಗಿ ಗುರುವಾರ. ಜೀರುಂಡೆ ಶಾಲೆಗೆ ಒಂದು ದಿನ ಚಕ್ಕರ್ ಹೊಡೆಯಬೇಕಾಗುತ್ತದೆ. ಆ ತ್ಯಾಗಕ್ಕೆ ಅವಳು ಸಿದ್ಧಳಿದ್ದಾಳೆ.

ಆಸ್ಪತ್ರೆಯ ವಿಷಯವನ್ನೂ ಇಲ್ಲಿ ಬರೆದಿಡುವುದು ಒಳ್ಳೆಯದು. ಅಪ್ಪ ಅಮ್ಮ ಇಲ್ಲ. ಭಾವ ತೀರಿಕೊಂಡು ಆರು ವರ್ಷ. ಅಕ್ಕನಿಗೆ ಕಿಡ್ನಿ ಕೊಡಬಹುದಾದವನು ನಾನೊಬ್ಬ. ಮೇ ತಿಂಗಳಲ್ಲಿ ರಕ್ತ ಹೊಂದಿತು. ಡಾಕ್ಟರು ತಾವೇ ಪರೀಕ್ಷೆ ಪಾಸಾದಂತೆ ಖುಷಿಪಟ್ಟರು. ನಾನೂ ಅಲ್ಲೇ, ಆ ಕುರ್ಚಿಯಲ್ಲೇ ಕೂತು ಕೊಡುತ್ತೇನೆ ಅಂದೆ. ಇನ್ನು ಎರಡು ದಿನ ಅಲ್ಲೇ ಇದ್ದು ಸ್ಕ್ಯಾನು, ಹೃದಯದ ಪರೀಕ್ಷೆ ಅದೂ ಇದೂ ಮುಗಿಸಿದರೆ ಆಪರೇಷನ್ನಿಗೆ ದಿನ ಕೊಡುತ್ತಾರಂತೆ. ಆ ಎರಡು ದಿನ ಯಾವಾಗ ಎಂದು ಕೇಳಲೆಂದೇ ಮೇಡಂ ಫೋನ್ ಮಾಡುವುದು. ಹೊಸ ಕಟ್ಟಡದ ಕಿಟಕಿಗಳಿಗೆ ಗಾಜು ಹಾಕುವ ಕೆಲಸ ಒಪ್ಪಿಕೊಂಡಿದ್ದೆ, ಅದು ಮುಗಿಯಲಿ ಅಂದೆ. ಜುಲೈಯಲ್ಲಿ ಮುಗಿಯಿತು. ಆಮೇಲೆ ಕೆಮ್ಮು ಬಂತು. ಈಗ ಪಾರ್ಕು. ಪಾರ್ಕಿನದು ಆಗಿಹೋಗಲಿ.

ಒಂದೇ ಕಿಡ್ನಿಯಲ್ಲಿ ಮನುಷ್ಯ ಆರಾಮಾಗಿ ಬದುಕುತ್ತಾನೆ ಎಂದು ಎಲ್ಲರೂ ಧೈರ್ಯ ಹೇಳುತ್ತಾರೆ. ಹೇಳುವವರೆಲ್ಲ ಎರಡಿಟ್ಟುಕೊಂಡವರು.

ಆಗಸ್ಟ್ ೧೨, ಮಂಗಳವಾರ

ಇವತ್ತು ನನ್ನ ಅದೃಷ್ಟದ ದಿನ. ಅಂಗಡಿಗೆ ಫೋಟೋಗೆ ಕಟ್ಟು ಹಾಕಿಸಲು ಬಂದ ಹೆಂಗಸು ಅದೇ ಪಾರ್ಕಿನಲ್ಲಿ ಕೆಲಸ ಮಾಡುತ್ತಾಳೆ. ತೂಗುವ ಹಡಗಿನ ಬಟನ್ ಒತ್ತುವವಳು. ಕುರ್ಚಿ ಎಳೆದು ಕೂರಿಸಿದೆ, ಚಹಾ ತರಿಸಿದೆ, ಕಟ್ಟಿನ ದರದಲ್ಲೂ ಬಿಟ್ಟುಕೊಟ್ಟೆ. ಹೆಂಗಸು ಬಾಯಿ ಬಿಟ್ಟಳು.

ಗೇಟು ತೆಗೆದ ಕೂಡಲೇ ಜನ ಕಣ್ಣಿಗೆ ಬಿದ್ದ ಮೊದಲ ಆಟಕ್ಕೇ ನುಗ್ಗುತ್ತಾರಂತೆ. ಆದ್ದರಿಂದ ಗೇಟಿಗೆ ಮೊದಲು ಹೋಗಿ ನಿಲ್ಲಬೇಕು, ಆಮೇಲೆ ಎಲ್ಲವನ್ನೂ ಬಿಟ್ಟು ನೇರ ಹಿಂದಿನ ತುದಿಗೆ ನಡೆಯಬೇಕು. ಜನ ಹಿಂದಕ್ಕೆ ಬರುವ ಹೊತ್ತಿಗೆ ನಾವು ಮುಂದಕ್ಕೆ ಬರುತ್ತಿರಬೇಕು. ಎಲ್ಲರೂ ಉಣ್ಣುವಾಗ ಆಡಬೇಕು, ಎಲ್ಲರೂ ಆಡುವಾಗ ಉಣ್ಣಬೇಕು. ಒಳಗೆ ಊಟ ದುಬಾರಿ, ಹೊರಗಿನದನ್ನು ಬಿಡುವುದಿಲ್ಲ. ಆದರೆ ಕೈ ಮೇಲೆ ಮುದ್ರೆ ಹಾಕಿಸಿಕೊಂಡು ಹೊರಗೆ ಬಂದು, ಕಾರಿನಲ್ಲಿ ಕೂತು ತಿಂದು ಮತ್ತೆ ಒಳಗೆ ಹೋಗಬಹುದು. ನಾಲ್ಕು ಹನಿ ಬಿದ್ದರೆ ಜನ ಗೇಟಿನ ಕಡೆ ಓಡುತ್ತಾರೆ. ಆಗ ಸುಮ್ಮನೆ ಯಾವುದಾದರೂ ಸೂರಿನ ಕೆಳಗೆ ನಿಂತುಬಿಟ್ಟರೆ ಮುಂದೆ ಅರ್ಧ ಗಂಟೆ ಪಾರ್ಕು ನಮ್ಮದೇ.

ಎಷ್ಟು ಸರಳ. ಪಾಸಿಗೆ ದುಡ್ಡು ಸುರಿಯುವವರನ್ನು ನೆನೆದು ಅಯ್ಯೋ ಅನ್ನಿಸಿತು.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಶಿಶುವಿಹಾರದಲ್ಲಿ ಟೀಚರ್. ಮಕ್ಕಳ ಕಥೆ ಕೇಳುವ ಮುಖ ಮಾಡಿಕೊಂಡು ಕೊನೆಯವರೆಗೂ ಕೇಳಿದಳು. ಆಮೇಲೆ, ಆಸ್ಪತ್ರೆಯಿಂದ ಏನೂ ಸುದ್ದಿ ಇಲ್ಲವಾ ಎಂದಳು. ಅವರೇ ಫೋನ್ ಮಾಡುತ್ತಾರೆ ಅಂದೆ.

ಆಗಸ್ಟ್ ೧೪, ಗುರುವಾರ

ಆಸ್ಪತ್ರೆಯ ಮೇಡಂ ಮತ್ತೆ ಫೋನ್ ಮಾಡಿದರು. ಮುಂದಿನ ವಾರ ನೋಡೋಣ ಅಂದೆ. ಯಾರದು ಎಂದು ಹೆಂಡತಿ ಕೇಳಿದಳು. ಗಾಜಿನ ವ್ಯಾಪಾರಿ ಅಂದೆ.

ಅಂಗಡಿಯಲ್ಲಿ ಕೆಲಸ ಇರಲಿಲ್ಲ. ಬಾಗಿಲು ಬೇಗ ಹಾಕಿದೆ.

ಆಗಸ್ಟ್ ೧೮, ಸೋಮವಾರ

ಗಾಜಿನ ವ್ಯಾಪಾರಿಯ ಕಥೆ ಮುಗಿಯಿತು. ನಾನು ಬಚ್ಚಲಲ್ಲಿದ್ದಾಗ ಫೋನ್ ಬಂತು, ಹೆಂಡತಿ ಎತ್ತಿದಳು. ಮೂರು ಸಲ ಮುಂದೂಡಿದ್ದಾರೆ, ಏನಾದರೂ ತೊಂದರೆ ಇದೆಯೇ ಎಂದು ಮೇಡಂ ಅವಳನ್ನೇ ಕೇಳಿದ್ದಾರೆ.

ಅವಳು ಕೂಗಾಡುವವಳಲ್ಲ. ಟವೆಲು ಕೈಗೆ ಕೊಟ್ಟು, ಪಾರ್ಕಿನದು ಆಗಿಹೋಗಲಿ ಅಂತ ತಾನೇ, ಎಂದು ಕೇಳಿದಳು. ಹೌದು ಅಂದೆ.

“ಪಾರ್ಕಾದ್ಮೇಲೆ ಇನ್ನೇನು ಹುಡುಕ್ತೀರಿ?”

ಟವೆಲಿನಿಂದ ತಲೆ ಒರೆಸಿಕೊಳ್ಳತೊಡಗಿದೆ. ಮೇ ತಿಂಗಳಲ್ಲಿ ನಾನು ಕೊಡುತ್ತೇನೆಂದು ಬಂದು ಹೇಳಿದಾಗ ಇದೇ ಹೆಂಗಸು ನಿಮ್ಮಿಷ್ಟ ಅಂದಿದ್ದಳು. ಬೇಡ ಅಂದಿದ್ದರೆ ಜಗಳವಾಡಿಯಾದರೂ ಕೊಡುತ್ತಿದ್ದೆ. ಕೊಡಿ ಅಂದಿದ್ದರೆ ಇವಳು ಹೇಳಿದ್ದಕ್ಕೆ ಅಂತ ಕೊಡುತ್ತಿದ್ದೆ. ನಿಮ್ಮಿಷ್ಟ ಅಂದರೆ ಮನುಷ್ಯ ಏನು ಮಾಡಬೇಕು?

ನನ್ನ ಕೈ ನೋಡಿದವರು ಯಾರೂ ನಾನು ಹೆದರುವವನು ಎನ್ನಲಾರರು. ಬೆರಳುಗಳ ಮೇಲೆಲ್ಲ ಗಾಜು ಕೊಯ್ದ ಗುರುತು. ಒಮ್ಮೆ ಹೆಬ್ಬೆರಳಿನ ಬುಡ ಸೀಳಿದಾಗ ನಾನೇ ಬಟ್ಟೆ ಸುತ್ತಿಕೊಂಡು, ಗಿರಾಕಿಯ ಕನ್ನಡಿಯನ್ನು ಕತ್ತರಿಸಿ ಕೊಟ್ಟ ಮೇಲೆ ಡಾಕ್ಟರ ಹತ್ತಿರ ಹೋಗಿದ್ದೆ. ಅದು ಬೇರೆ. ಅಲ್ಲಿ ಎಚ್ಚರ ಇರುತ್ತದೆ.

ಆಗಸ್ಟ್ ೨೩, ಶನಿವಾರ

ಅಕ್ಕ ಇಬ್ಬರು ಹೆಂಗಸರಿಗೆ ರಿವರ್ಸ್ ಕಲಿಸಲು ಹೋಗಿದ್ದಳು. ಜೀರುಂಡೆ ಅಂಗಡಿಯಲ್ಲೇ ಇದ್ದಳು. ಪಾರ್ಕಿನ ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿ ತಂದು ಮೇಜಿನ ಗಾಜಿನ ಮೇಲೆ ಹರಡಿದೆವು. ಯಾವುದು ಮೊದಲು, ಯಾವುದು ಆಮೇಲೆ ಎಂದು ಗಾಜಿಗೆ ಗುರುತು ಹಾಕುವ ಬಳಪದಲ್ಲಿ ಗೆರೆ ಎಳೆದೆವು. ರೋಲರ್ ಕೋಸ್ಟರಿನಿಂದ ಶುರು ಮಾಡಬೇಕು ಎಂದು ಅವಳ ಹಟ. ಅದು ಅಕ್ಕನಿಗೆ ಕೂಡದೆಂದು ಡಾಕ್ಟರು ಮೊದಲೇ ಹೇಳಿದ್ದಾರೆ. ಎಡಗೈಯಲ್ಲಿ ಡಯಾಲಿಸಿಸ್ ಸೂಜಿಗೆಂದು ಮಾಡಿದ ನರಕ್ಕೆ ಪೆಟ್ಟಾಗಬಾರದು, ಒತ್ತಬಾರದು. ಮಕ್ಕಳ ಜೊತೆ ಒಬ್ಬರು ದೊಡ್ಡವರು ಕೂರಲೇಬೇಕೆಂದು ಪಾರ್ಕಿನ ನಿಯಮ. ಅಂದರೆ ನಾನು ಕೂರಬೇಕು. ಅದು ಅವತ್ತು ಕೆಟ್ಟು ನಿಂತಿದ್ದರೂ ನಿಂತಿರಬಹುದು.

ಗೆರೆ ಎಳೆಯುತ್ತ ಎಳೆಯುತ್ತ ಅವಳು ಪೆನ್ಸಿಲ್ ಕೇಳುವಷ್ಟೇ ಸಲೀಸಾಗಿ ಕೇಳಿದಳು:

“ಮಾಮ, ನೀನು ಕೊಡೋದು ಎಡಗಡೆ ಕಿಡ್ನೀನಾ, ಬಲಗಡೇದಾ?”

ಡಾಕ್ಟರು ಹೇಳಬೇಕು ಅಂದೆ.

“ಕ್ಲಾಸಲ್ಲಿ ಎಡಗಡೆ ಅಂತ ಹೇಳ್ಬಿಟ್ಟಿದೀನಿ.”

ಇಡೀ ತರಗತಿಗೆ ಗೊತ್ತಿದೆ. ಅವಳ ಟೀಚರಿಗೂ ಗೊತ್ತಿದೆ. ನಾನು ಯಾವ ದಿನ ಎಂದು ಹೇಳಿಲ್ಲವಾದ್ದರಿಂದ ಅವಳೂ ಹೇಳಿಲ್ಲವಂತೆ.

ಬಳಪ ಮುರಿಯಿತು. ಉಳಿದದ್ದನ್ನು ಪೆನ್ನಿನಲ್ಲಿ ಬರೆದೆವು.

ಆಗಸ್ಟ್ ೨೭, ಬುಧವಾರ

ಡಯಾಲಿಸಿಸ್ ಮುಗಿಸಿ ಬಂದ ಅಕ್ಕನ ಮುಖ ಬಿಳುಚಿತ್ತು. ಬಿ.ಪಿ. ಇಳಿದಿತ್ತಂತೆ. ನಾಳೆ ಬೇಡ, ಮುಂದಿನ ಗುರುವಾರ ಹೋಗೋಣ ಅಂದೆ. ನಿನಗೆ ಮುಂದಿನ ವಾರ ಅನ್ನುವುದೇ ಬಾಯಿಪಾಠವಾಗಿದೆ ಅಂದಳು. ಯಾವುದರ ಬಗ್ಗೆ ಹೇಳಿದಳೋ ಕೇಳಲಿಲ್ಲ. ಮೊಟ್ಟೆ ಬೇಯಿಸಿಟ್ಟೆ, ಬ್ರೆಡ್ಡು ತಂದೆ, ಸೇಬು ತೊಳೆದಿಟ್ಟೆ.

ಆಗಸ್ಟ್ ೨೮, ಗುರುವಾರ

ಮೈಯೆಲ್ಲ ನೋವು. ಆದರೂ ಬರೆಯಬೇಕು.

ಅಕ್ಕನ ಕಾರಿನಲ್ಲೇ ಹೋದೆವು. ನಾನು ಓಡಿಸಿದೆ, ಅಕ್ಕ ಪಕ್ಕದಲ್ಲಿ. ತಲೆ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡು ಹೊತ್ತ ಕಾರಿಗೆ ಎಲ್ಲರೂ ದಾರಿ ಬಿಡುತ್ತಾರೆ, ಅದೊಂದು ಲಾಭ. ಆದರೆ ಆ ಕಾರಿನಲ್ಲಿ ಅಕ್ಕನ ಕಾಲ ಕೆಳಗೂ ಒಂದು ಬ್ರೇಕ್ ಇದೆ. ನಾನು ಲೈಸೆನ್ಸ್ ತೆಗೆದುಕೊಂಡು ಹದಿನೈದು ವರ್ಷವಾಗಿದ್ದರೂ ಅಕ್ಕ ದಾರಿಯುದ್ದಕ್ಕೂ ಅದನ್ನು ಒತ್ತುತ್ತಲೇ ಇದ್ದಳು.

ಗೇಟಿನಲ್ಲಿ ನಮ್ಮ ಮುಂದೆ ಒಂದೇ ಒಂದು ಸಂಸಾರ ಇತ್ತು. ಬಾಗಿಲು ತೆಗೆದ ಕೂಡಲೇ ಹಿಂದಿದ್ದವರೆಲ್ಲ ಆ ಹಡಗಿನ ಹೆಂಗಸು ಹೇಳಿದ ಹಾಗೆಯೇ ಎದುರಿಗಿದ್ದ ಆಟಕ್ಕೆ ನುಗ್ಗಿದರು. ನಾವು ಕೆರೆಯ ಪಕ್ಕದ ದಾರಿ ಹಿಡಿದು ನಿಧಾನವಾಗಿ ಹಿಂದಿನ ತುದಿಗೆ ನಡೆದೆವು. ಎಲ್ಲೂ ಒಂದು ನರಪಿಳ್ಳೆ ಇಲ್ಲ. ತಿರುಗುವ ಕಪ್ಪುಗಳಲ್ಲಿ ನಾವು ಮೂವರೇ. ದೋಣಿಯಲ್ಲಿ ನಾವು ಮೂವರೇ. ಇಳಿಯುವುದೇ ಬೇಡ, ಇನ್ನೊಂದು ಸುತ್ತು ಕೂತಿರಿ ಎಂದು ಅಲ್ಲಿಯವನೇ ಹೇಳಿದ. ಕನ್ನಡಿ ಮನೆಯಲ್ಲಿ ಜೀರುಂಡೆ ದಾರಿ ತಪ್ಪಿ ಕಿರುಚುತ್ತಿದ್ದರೆ ನಾನು ಕನ್ನಡಿಗಳ ಅಂಚು ನೋಡುತ್ತಿದ್ದೆ. ಕೂರಿಸಿದವನಿಗೆ ಕೆಲಸ ಬರುವುದಿಲ್ಲ. ಎರಡು ಕಡೆ ಆಗಲೇ ಬಿರುಕು ಬಿಟ್ಟಿದೆ.

ರೋಲರ್ ಕೋಸ್ಟರಿಗೆ ಹಗ್ಗ ಕಟ್ಟಿ ರಿಪೇರಿ ಎಂದು ಬೋರ್ಡು ನೇತುಹಾಕಿದ್ದರು. ಜೀರುಂಡೆಯ ಮುಖ ಬಾಡಿತು. ನಾನು ನಿಟ್ಟುಸಿರು ಬಿಟ್ಟಿದ್ದು ಅಕ್ಕನಿಗೆ ಕೇಳಿಸಿರಬೇಕು, ನಕ್ಕಳು.

ಜೈಂಟ್ ವ್ಹೀಲಿನ ತುದಿಯಲ್ಲಿ ತೊಟ್ಟಿಲು ನಿಂತಿತು. ನಾನು ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದೆ. ಅಕ್ಕ ಕೆಳಗೆ ಕಾರು ನಿಲ್ಲಿಸುವ ಜಾಗ ನೋಡುತ್ತ, ಆ ಬಿಳಿ ಕಾರಿನವನಿಗೆ ರಿವರ್ಸ್ ಬರುವುದಿಲ್ಲ, ಈಗ ಗುದ್ದುತ್ತಾನೆ ನೋಡು ಅಂದಳು. ಗುದ್ದಿದ. ಅವಳು ಇಷ್ಟು ನಕ್ಕಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ.

ಎಲ್ಲರೂ ಆಡುವ ಹೊತ್ತಿಗೆ ನಾವು ಹೊರಗೆ ಬಂದು ಕಾರಿನಲ್ಲಿ ಕೂತು ತಿಂದೆವು. ಅಕ್ಕ ಉಪ್ಪಿಲ್ಲದ ಮೊಟ್ಟೆ ತಿಂದು ಎರಡು ಗುಟುಕು ನೀರು ಕುಡಿದಳು. ಡಾಕ್ಟರ ಲೆಕ್ಕದಲ್ಲಿ ಅಷ್ಟೇ ಅವಳ ಪಾಲು. ಮತ್ತೆ ಒಳಗೆ ಹೋದರೆ ರೋಲರ್ ಕೋಸ್ಟರಿನ ಹಗ್ಗ ಬಿಚ್ಚಿತ್ತು. ಅದೇ ಸಮಯಕ್ಕೆ ಯಾವುದೋ ಕಾರ್ಖಾನೆಯವರು ಬಸ್ಸುಗಳಲ್ಲಿ ಬಂದಿಳಿದಿದ್ದರು. ಸಾಲು ಕಬ್ಬಿಣದ ಕಂಬಿಗಳ ನಡುವೆ ಹಾವಿನಂತೆ ಸುತ್ತಿ ಹೊರಗೂ ಬಂದಿತ್ತು. ನನ್ನ ನಕ್ಷೆಯಲ್ಲಿ ಇದಕ್ಕೆ ಉಪಾಯ ಇರಲಿಲ್ಲ. ಬೇಡ ಬಿಡು ಅಂದೆ. ಜೀರುಂಡೆ ಏನೂ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ನೋಡಲಾಗುವುದಿಲ್ಲ.

ನೀನು ಬೆಂಚಿನ ಮೇಲೆ ಕೂತಿರು, ನಾವಿಬ್ಬರು ನಿಲ್ಲುತ್ತೇವೆ ಎಂದು ಅಕ್ಕನಿಗೆ ಹೇಳಿದೆ. ವಾರಕ್ಕೆ ಮೂರು ದಿನ ಕೂತು ಕೂತು ಸಾಕಾಗಿದೆ, ತುದಿಯವರೆಗೆ ಜೊತೆಗೆ ಬರುತ್ತೇನೆ ಅಂದಳು. ಬಂದಳು.

ಜೀರುಂಡೆ ಮುಂದಿನವರ ಮಗಳ ಸ್ನೇಹ ಮಾಡಿಕೊಂಡು ಮಾತಿಗೆ ಬಿದ್ದಳು. ನಾವಿಬ್ಬರೂ ಹಿಂದೆ. ಸಾಲು ನಾಲ್ಕು ಹೆಜ್ಜೆ ಹೋಗುವುದು, ನಿಲ್ಲುವುದು. ಅಕ್ಕ ಬಲಗೈಯಲ್ಲಿ ಕಂಬಿ ಹಿಡಿದಿದ್ದಳು. ಒಂದು ತಿರುವಿನಲ್ಲಿ ನಿಂತಾಗ ನನ್ನ ಕಡೆ ನೋಡದೆಯೇ ಶುರು ಮಾಡಿದಳು.

“ಆಸ್ಪತ್ರೆಯವ್ರು ನಂಗೆ ಹೇಳಲ್ಲ ಅಂದ್ಕೊಂಡಿದ್ಯಾ?”

ಸಾಲು ಮುಂದೆ ಹೋಯಿತು, ನಾವೂ ಹೋದೆವು.

“ನಾನು ನಿನ್ನ ಕೇಳ್ಲಿಲ್ಲ. ಮುಂದೇನೂ ಕೇಳಲ್ಲ. ನೀನಾಗೇ ಕೊಡ್ತೀನಿ ಅಂದೆ, ನಾನು ನಂಬಿದೆ. ಹೊರಗಿನವ್ರ ಕಿಡ್ನಿಗೆ ಕಾಯೋರ ಪಟ್ಟಿ ಇರುತ್ತಲ್ಲ, ಅದ್ರಿಂದ ನನ್ನ ಹೆಸರು ತೆಗೆಸಿದೀನಿ. ತಮ್ಮ ಇದ್ದಾನೆ, ಬೇಕಾಗಿಲ್ಲ ಅಂತ ಡಾಕ್ಟ್ರಿಗೆ ಹೇಳಿ ಬಂದಿದೀನಿ.”

ಇದು ನನಗೆ ಗೊತ್ತಿರಲಿಲ್ಲ. ಮೇ ತಿಂಗಳಿಂದ ಅವಳು ಯಾವ ಸಾಲಿನಲ್ಲೂ ಇಲ್ಲ.

“ಇಲ್ಲ ಅನ್ನೋದಾದ್ರೆ ಇವತ್ತೇ ಅಂದ್ಬಿಡು ಕಣೋ. ನಾಳೆ ಹೋಗಿ ಮತ್ತೆ ಹೆಸರು ಹಾಕಿಸ್ತೀನಿ. ಸಾಲು ಉದ್ದ ಇದ್ರೂ ಪರ್ವಾಗಿಲ್ಲ, ನಿಲ್ತೀನಿ. ಎಲ್ಲಿ ನಿಂತಿದೀನಿ ಅನ್ನೋದು ಗೊತ್ತಿರ್ಬೇಕು, ಅಷ್ಟೆ. ನೀನು ಇಲ್ಲ ಅಂದ್ರೆ ನನ್ನ ತಮ್ಮ ಅಲ್ಲ ಅಂತ ಆಗಲ್ಲ.”

ಹಿಂದಿನವನು ಮುಂದೆ ನಡೀರಿ ಅಂದ. ನಡೆದೆವು. ನನ್ನ ಬಾಯಿಂದ ಏನು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಬಂದದ್ದು ಇದು:

“ಭಯ ಆಗುತ್ತೆ ಅಕ್ಕ.”

“ಏನಕ್ಕೆ?”

“ಎಚ್ಚರ ತಪ್ಪಿಸ್ತಾರಲ್ಲ. ಆಮೇಲೆ ಏಳ್ದೇ ಹೋದ್ರೆ?”

ಇದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ಅಕ್ಕ ನಗುತ್ತಾಳೆ ಅಂದುಕೊಂಡೆ, ನಗಲಿಲ್ಲ. ಕಂಬಿಗೆ ಒರಗಿ ನಿಂತಳು.

“ಕಲಿಯೋಕೆ ಬರೋರಿಗೆಲ್ಲ ನಾನು ಒಂದು ಮಾತು ಹೇಳ್ತೀನಿ. ಹೆದರ್ಬೇಡಿ, ನನ್ನ ಕಾಲು ಬ್ರೇಕ್ ಮೇಲೇ ಇರುತ್ತೆ ಅಂತ. ನಿಂಗೆ ಹಾಗೆ ಹೇಳೋಕಾಗಲ್ಲ. ಅವತ್ತು ನಾನೂ ಪಕ್ಕದ ರೂಮಲ್ಲಿ ಮಲಗಿರ್ತೀನಿ. ನಂಗೂ ಅದೇ ಭಯ.”

ಅಷ್ಟು ಹೊತ್ತಿಗೆ ನಮ್ಮ ಸರದಿ ಬಂತು. ಅಕ್ಕ ಪಕ್ಕದ ದಾರಿಯಿಂದ ಇಳಿದು ಹೊರಗೆ ಬರುವ ಕಡೆ ಹೋದಳು. ನಾನೂ ಜೀರುಂಡೆಯೂ ಕೂತೆವು, ಎದೆಯ ಮೇಲೆ ಕಂಬಿ ಬಿತ್ತು. ಮೇಲೆ ಹೋಗುವಾಗ ಟಕಟಕ ಸದ್ದು. ಆಮೇಲೆ ಏನಾಯಿತೆಂದು ಬರೆಯುವಷ್ಟು ನೆನಪಿಲ್ಲ. ನಾನು ಅಮ್ಮನನ್ನು ಕೂಗಿದೆ ಎಂದು ಜೀರುಂಡೆ ಹೇಳುತ್ತಾಳೆ. ಇರಬಹುದು. ಬೇಗ ಮುಗಿಯಿತು.

ಕೆಳಗೆ ಬಂದರೆ ಅಕ್ಕ ಇರಲಿಲ್ಲ. ಆಚೆ ಮೆಟ್ಟಿಲ ಹತ್ತಿರ ನಾಲ್ಕಾರು ಜನ ಬಗ್ಗಿ ನಿಂತಿದ್ದರು. ಮಧ್ಯದಲ್ಲಿ ಅಕ್ಕ ನೆಲದ ಮೇಲೆ. ಯಾರೋ ಗಾಳಿ ಹಾಕುತ್ತಿದ್ದರು, ಯಾರೋ ನೀರಿನ ಬಾಟಲಿ ಬಾಯಿಗೆ ಹಿಡಿಯುತ್ತಿದ್ದರು. ನೀರು ಬೇಡ, ಕಾಲು ಎತ್ತಿ ಎಂದೆ. ಕಾಲುಗಳನ್ನು ನನ್ನ ಹೆಗಲ ಮೇಲಿಟ್ಟುಕೊಂಡು ಅಲ್ಲೇ ನೆಲಕ್ಕೆ ಕೂತೆ. ಎಡಗೈ ಮುಟ್ಟಬೇಡಿ ಎಂದು ಜೀರುಂಡೆ ಎಲ್ಲರನ್ನೂ ಗದರುತ್ತಿದ್ದಳು, ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಅಕ್ಕ ಕಣ್ಣು ತೆರೆಯುವವರೆಗೆ ನಾನು ಅವಳ ಪಾದ ಹಿಡಿದುಕೊಂಡಿದ್ದೆ. ತಣ್ಣಗಿದ್ದವು. ಅದೆಷ್ಟು ಹೊತ್ತೋ ಗೊತ್ತಿಲ್ಲ, ನನಗೆ ಬೇರೆ ಏನೂ ನೆನಪಾಗಲಿಲ್ಲ.

ಪಾರ್ಕಿನವರು ಗಾಲಿ ಕುರ್ಚಿ ತಂದು, ರೋಗಿಗಳ ಬಾಗಿಲಿನಿಂದಲೇ ಹೊರಗೆ ಕರೆತಂದರು. ಅಕ್ಕ ಕುರ್ಚಿಯಲ್ಲಿ ಒರಗಿಕೊಂಡು, ಕೊನೆಗೂ ಪೇಶೆಂಟ್ ಮಾಡಿಬಿಟ್ಟರು ನೋಡು ಎಂದಳು. ಆಮೇಲೆ ಮಗಳಿಗೆ, ಹೇಗಿತ್ತು ಎಂದು ಕೇಳಿದಳು. ಮಗಳು ಅಳುತ್ತಲೇ, ಚೆನ್ನಾಗಿತ್ತು ಅಂದಳು.

ದಾರಿಯಲ್ಲಿ ಆಸ್ಪತ್ರೆಗೆ ಹೋಗಿ ತೋರಿಸಿದೆವು. ಬಿ.ಪಿ. ಸರಿಯಾಗಿದೆ, ಮನೆಗೆ ಹೋಗಬಹುದು ಎಂದರು. ಇಬ್ಬರನ್ನೂ ಮನೆಗೆ ಬಿಟ್ಟು ಬಂದೆ.

ಅಕ್ಕನಿಗೆ ಉತ್ತರ ಕೊಡಲಿಲ್ಲ ಎಂದು ಈಗ ಬರೆಯುವಾಗ ನೆನಪಾಯಿತು.

ಆಗಸ್ಟ್ ೨೯, ಶುಕ್ರವಾರ

ಅಂಗಡಿ ತೆಗೆಯುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿದೆ. ಸೋಮವಾರ ಬರಲು ಹೇಳಿದರು. ಅಕ್ಕನಿಗೂ ತಿಳಿಸಿದೆ. ಸರಿ ಅಂದಳು, ಕಾರಿನಲ್ಲಿ ನಿನ್ನ ಸೇಬು ಉಳಿದಿದೆ ಅಂದಳು.

ಬಾಗಿಲಿನ ಗಾಜಿಗೆ ಒಬ್ಬರು ಅಳತೆ ತಪ್ಪು ಕೊಟ್ಟಿದ್ದರು. ಎರಡು ಸಲ ಕತ್ತರಿಸಬೇಕಾಯಿತು.

ಸೆಪ್ಟೆಂಬರ್ ೩, ಬುಧವಾರ

ಎರಡು ದಿನ ಆಸ್ಪತ್ರೆಯಲ್ಲಿದ್ದು ಬಂದೆ. ಹೆಂಡತಿ ರಜೆ ಹಾಕಿ ಜೊತೆಗಿದ್ದಳು. ಹಿಂದೆ ಗಂಟು ಹಾಕುವ ಒಂದು ಅಂಗಿ ಕೊಡುತ್ತಾರೆ. ಮುಂದಿನಿಂದ ಮರ್ಯಾದಸ್ಥ, ಹಿಂದಿನಿಂದ ಬಯಲು. ಲಿಫ್ಟಿಗೆ ಕಾದು ಸಾಕಾಗಿ ಮೆಟ್ಟಿಲು ಹತ್ತಿ ಹೋದೆ. ಹತ್ತಿ ಬಂದಿರಲ್ಲ, ಇನ್ನು ಹೃದಯದ ಪರೀಕ್ಷೆ ಯಾಕೆ ಎಂದು ಅಲ್ಲಿಯ ನರ್ಸು ಚೇಷ್ಟೆ ಮಾಡಿದಳು. ಸ್ಕ್ಯಾನಿನ ಕೊಳವೆಯೊಳಗೆ ಸ್ವಲ್ಪ ಹೊತ್ತು ನಿದ್ದೆ ಬಂತು.

ಎಡಗಡೆಯದನ್ನೇ ತೆಗೆಯುತ್ತಾರಂತೆ. ಜೀರುಂಡೆ ತಾನು ಹೇಳಿದ್ದೇ ಸರಿಯಾಯಿತೆಂದು ಬೀಗುತ್ತಿದ್ದಾಳೆ.

ಸೆಪ್ಟೆಂಬರ್ ೧೬, ಮಂಗಳವಾರ

ಆಪರೇಷನ್ನಿಗೆ ಮುಂಚೆ ಮನಸ್ಸಿನ ಡಾಕ್ಟರೊಬ್ಬರು ಮಾತಾಡಿಸುತ್ತಾರೆ. ಇವತ್ತು ನನ್ನನ್ನು ಕೂರಿಸಿಕೊಂಡಿದ್ದರು. ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ಕೇಳಿದರು. ಇಲ್ಲ, ಬೇಡ ಅಂದರೂ ಪರವಾಗಿಲ್ಲ ಎಂದು ಅಕ್ಕನೇ ಹೇಳಿದ್ದಾಳೆ ಅಂದೆ. ಹೆದರಿಕೆ ಇದೆಯೇ ಎಂದರು. ಇದೆ ಅಂದೆ. ಯಾವುದರದು ಎಂದರು, ಹೇಳಿದೆ. ಎಲ್ಲ ಬರೆದುಕೊಂಡರು. ಆಮೇಲೆ ಅವರ ಮನೆಯ ಬಚ್ಚಲಿನ ಕನ್ನಡಿಗೆ ಯಾಕೆ ಕಪ್ಪು ಕಲೆ ಬರುತ್ತಿದೆ ಎಂದು ಕೇಳಿದರು. ಹಿಂದೆ ನೀರು ಇಳಿದು ಬೆಳ್ಳಿ ಪದರ ಎದ್ದಿರುತ್ತದೆ, ಬದಲಾಯಿಸುವುದೇ ಸರಿ ಎಂದು ತಿಳಿಸಿದೆ.

ಇನ್ನು ಕಿಡ್ನಿ ದಾನಕ್ಕೆ ಅನುಮತಿ ಕೊಡುವ ಕಮಿಟಿಯವರು ಒಪ್ಪಬೇಕು. ಅದಕ್ಕೆ ಒಂದು ತಿಂಗಳಂತೆ. ಅಷ್ಟೊಂದು ಯಾಕೆ ಬೇಕು? ಸಹಿ ಹಾಕಲು ಎಷ್ಟು ಹೊತ್ತು? ಎರಡು ಸಲ ಫೋನ್ ಮಾಡಿ ಕೇಳಿದೆ. ಮುಂದಿನ ವಾರ ನೋಡೋಣ ಅನ್ನುತ್ತಾರೆ. ಇಂಥವರ ಹತ್ತಿರ ಏನು ಹೇಳುವುದು.

ಅಕ್ಟೋಬರ್ ೨೦, ಸೋಮವಾರ

ಆಸ್ಪತ್ರೆ. ನಾಳೆ ಬೆಳಿಗ್ಗೆ ಆಪರೇಷನ್. ಅಕ್ಕ ಮೇಲಿನ ಮಹಡಿಯಲ್ಲಿದ್ದಾಳೆ.

ಪಕ್ಕದ ಹಾಸಿಗೆಯವನು ಲಾರಿ ಓಡಿಸುವವನು, ಹೆಂಡತಿಗೆ ಕಿಡ್ನಿ ಕೊಡಲು ಬಂದಿದ್ದಾನೆ. ಅವನದು ನಾಡಿದ್ದು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆಳು. ಮಧ್ಯಾಹ್ನದಿಂದ ಹತ್ತು ಸಲ ಬಚ್ಚಲಿಗೆ ಹೋಗಿಬಂದ. ಕೊನೆಗೆ ನನ್ನ ಹಾಸಿಗೆಯ ಅಂಚಿನಲ್ಲಿ ಕೂತು, ಮತ್ತೆ ಎಚ್ಚರ ಆಗೇ ಆಗುತ್ತಾ ಸಾರ್ ಎಂದು ಕೇಳಿದ. ಆಗುತ್ತದೆ ಅಂದೆ. ಎಚ್ಚರ ತಪ್ಪಿಸುವ ಮದ್ದು ಕೊಡುವ ಡಾಕ್ಟರು ಪೂರ್ತಿ ಹೊತ್ತು ತಲೆಯ ಪಕ್ಕದಲ್ಲೇ ಕೂತಿರುತ್ತಾರೆ, ಉಸಿರು, ಎದೆಬಡಿತ ಎಲ್ಲ ನೋಡುತ್ತಿರುತ್ತಾರೆ ಎಂದು ನನಗೆ ಅವರು ಹೇಳಿದ್ದನ್ನೆಲ್ಲ ವಿವರಿಸಿದೆ. ಭಯ ಇದ್ದರೆ ಅವರಿಗೇ ಹೇಳಿಬಿಡು, ಮುಚ್ಚಿಡಬೇಡ ಎಂದೂ ಹೇಳಿದೆ. ತಲೆಯಾಡಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದ.

ಅಷ್ಟು ದೊಡ್ಡ ಆಳು ಇಷ್ಟೊಂದು ಹೆದರುವುದು ಏಕೋ ತಿಳಿಯದು.

ಹೆಂಡತಿ ಇಲ್ಲೇ ಕುರ್ಚಿಯಲ್ಲಿದ್ದಾಳೆ. ಜೀರುಂಡೆಯನ್ನು ಅವಳ ಸ್ನೇಹಿತೆಯ ಮನೆಯಲ್ಲಿ ಬಿಟ್ಟಿದ್ದೇವೆ. ಪೆನ್ನು ಇಟ್ಟು ಮಲಗಿ ಎಂದು ಹೆಂಡತಿ ಹೇಳುತ್ತಿದ್ದಾಳೆ. ನಿದ್ದೆ ಬರುತ್ತಿದೆ.

ಅಕ್ಟೋಬರ್ ೨೪, ಶುಕ್ರವಾರ

ಕೂತು ಬರೆಯಲು ಇವತ್ತು ಬಿಟ್ಟರು. ಮಂಗಳವಾರದ್ದು ಏನೂ ನೆನಪಿಲ್ಲ. ಕಣ್ಣು ಬಿಟ್ಟಾಗ ಹೆಂಡತಿ ಇದ್ದಳು, ನೀವು ಎದ್ದಿರಿ ಎಂದಳು. ಅದು ನನಗೂ ಕಾಣುತ್ತಿತ್ತು. ಅವಳು ಅಳುತ್ತಿದ್ದಳಾದ್ದರಿಂದ ಏನೂ ಅನ್ನಲಿಲ್ಲ.

ಹೊಟ್ಟೆ ಎಳೆಯುತ್ತದೆ, ಗಾಳಿ ತುಂಬಿದ ಹಾಗಿದೆ. ನಿನ್ನೆ ನಡೆಸಿದರು. ಲಾರಿಯವನದೂ ಆಯಿತು, ಗೊರಕೆ ಹೊಡೆಯುತ್ತಿದ್ದಾನೆ.

ಅಕ್ಕನನ್ನು ನೋಡಲು ಇನ್ನೂ ಬಿಡುವುದಿಲ್ಲ, ಸೋಂಕು ತಗಲಬಾರದಂತೆ. ಆದರೆ ಸುದ್ದಿ ಬುಧವಾರವೇ ಬಂದಿತ್ತು. ಎರಡು ವರ್ಷದಿಂದ ಅಕ್ಕನಿಗೆ ಮೂತ್ರ ಆಗುವುದೇ ನಿಂತುಹೋಗಿತ್ತು. ಹೊಸ ಕಿಡ್ನಿ ಹಾಕಿ ಮೇಜಿನಿಂದ ಇಳಿಸುವ ಮೊದಲೇ ಶುರುವಾಯಿತಂತೆ. ರಾತ್ರಿಯೆಲ್ಲ ಚೀಲ ಬದಲಾಯಿಸಿ ಬದಲಾಯಿಸಿ ಸಾಕಾಯಿತೆಂದು ಮೇಲಿನ ಮಹಡಿಯ ನರ್ಸು ಕೆಳಗಿನ ಮಹಡಿಗೆ ಬಂದು ಹೇಳಿದಳು. ಡಾಕ್ಟರು ಚೀಲವನ್ನು ಬೆಳಕಿಗೆ ಹಿಡಿದು ನೋಡಿದರಂತೆ. ಜಾಡಮಾಲಿಯಿಂದ ಹಿಡಿದು ಎಲ್ಲರೂ ಬಂದು ನನಗೆ ಶುಭಾಶಯ ಹೇಳಿ ಹೋಗುತ್ತಿದ್ದಾರೆ.

ಇವತ್ತು ಬೆಳಿಗ್ಗೆ ನರ್ಸಿನ ಫೋನಿನಲ್ಲಿ ಅಕ್ಕ ಮಾತಾಡಿದಳು. ದನಿ ಸಣ್ಣದಾಗಿತ್ತು.

“ಕೇಳ್ದ್ಯಾ?”

“ಕೇಳ್ದೆ. ಇಡೀ ಆಸ್ಪತ್ರೆಗೇ ಗೊತ್ತು.”

“ನಂಗೆ ನಾಚಿಕೆ ಆಗ್ತಿದೆ ಕಣೋ. ಬರೋರೆಲ್ಲ ಅದನ್ನೇ ಮಾತಾಡ್ತಾರೆ.”

“ನಿಂಗ್ಯಾಕೆ ನಾಚಿಕೆ? ಕೆಲಸ ಮಾಡ್ತಿರೋದು ನನ್ನದು.”

ಅತ್ತ ಕಡೆ ನಗು ಶುರುವಾಗಿ, ನಡುವೆಯೇ ನಿಂತು, ನಗಿಸಬೇಡ, ಹೊಲಿಗೆ ಎಳೆಯುತ್ತೆ ಎಂದಳು. ನನಗೂ ಎಳೆಯುತ್ತಿತ್ತು. ಹೊಟ್ಟೆಯ ಮೇಲೆ ದಿಂಬು ಒತ್ತಿ ಹಿಡಿದೆ. ನರ್ಸು ಫೋನಿಗಾಗಿ ಕೈ ಚಾಚಿ ನಿಂತಿದ್ದಳು. ಇಬ್ಬರೂ ಇಡಲಿಲ್ಲ. ನಗು ತಡೆದುಕೊಂಡು, ಒಬ್ಬರ ಉಸಿರು ಒಬ್ಬರು ಕೇಳುತ್ತ ಹಾಗೇ ಇದ್ದೆವು.